ಬರ್ಮಿಂಗ್‌ಹ್ಯಾಮಿನಲ್ಲಿ ಬರೆದ ದೂರ್ವಾಸಪುರ: ವಿದೇಶ ವ್ಯಾಸಂಗ ಮತ್ತು ವಿವರಣೆಯ ಹೊರೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಾಗ ಲೇಖಕರು ಕರ್ನಾಟಕದಲ್ಲಿ ಇರಲಿಲ್ಲ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಅದಕ್ಕೆ ನಾಲ್ಕು ವರ್ಷ ಹಿಂದೆ, 1961ರಲ್ಲಿ, ಅದೇ ಗ್ರಂಥಮಾಲೆ ‘ಯಯಾತಿ’ಯನ್ನು ಪ್ರಕಟಿಸಿದಾಗ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿನ ಮ್ಯಾಗ್ಡಲನ್ ಕಾಲೇಜಿನಲ್ಲಿದ್ದರು. 1969ರಲ್ಲಿ ಎ.ಕೆ. ರಾಮಾನುಜನ್ನರ ಕವನಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದದ್ದೂ ಆ ಗ್ರಂಥಮಾಲೆಯಿಂದಲೇ. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋದ ರಾಮಾನುಜನ್ ಆ ಹೊತ್ತಿಗೆ ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದರು. ಹೀಗೆ ನವ್ಯದ ಮೂರು ಮುಖ್ಯ ಕೃತಿಗಳು ಲೇಖಕರು ಇಂಗ್ಲಿಷ್ ನಾಡುಗಳಲ್ಲಿದ್ದಾಗ ಧಾರವಾಡದ ಒಂದೇ ಪ್ರಕಾಶನದ ಅಟ್ಟದಿಂದ ಕನ್ನಡಕ್ಕೆ ಬಂದವು.

ಈ ಸಂಗತಿಗೆ ನಮ್ಮ ವಿಮರ್ಶೆ ಕೊಡುತ್ತ ಬಂದಿರುವ ಕಾರಣ ಸರಳವಾದದ್ದು: ದೂರ ಹೋದವನಿಗೆ ಊರು ನೆನಪಾಗುತ್ತದೆ, ತಾಯ್ನುಡಿ ಕೈಬೀಸಿ ಕರೆಯುತ್ತದೆ. ಈ ಮಾತನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ಕಾರ್ನಾಡರ ಮನೆಮಾತು ಕೊಂಕಣಿ, ರಾಮಾನುಜನ್ನರದು ತಮಿಳು. ಇಬ್ಬರಿಗೂ ಕನ್ನಡ ಶಾಲೆಯಿಂದ, ಬೀದಿಯಿಂದ, ಗೆಳೆಯರಿಂದ ಬಂದದ್ದು. ಬರಿಯ ತಾಯ್ನುಡಿಯ ಸೆಳೆತವೇ ಆಗಿದ್ದರೆ ಇವರು ಬೇರೆ ಭಾಷೆಗಳಿಗೆ ಹೊರಳಬೇಕಿತ್ತು. ದೂರದ ವಾದಕ್ಕೂ ಇಂಥದೇ ತೊಡಕಿದೆ. ‘ಯಯಾತಿ’ ಹುಟ್ಟಿದ್ದು ಆಕ್ಸ್‌ಫರ್ಡಿನಲ್ಲಲ್ಲ. ಹೊರಡುವ ತಯಾರಿಯ ವಾರಗಳಲ್ಲಿ, ಇಲ್ಲಿಯೇ. ಹೋದ ಮಗ ಮರಳಿ ಬರುತ್ತಾನೋ ಇಲ್ಲವೋ ಎಂಬ ಮನೆಯವರ ಕಳವಳದ ನಡುವೆ ಅದನ್ನು ಬರೆದುದಾಗಿ, ಇಂಗ್ಲಿಷ್ ಕವಿಯಾಗಬೇಕೆಂದು ತಮ್ಮನ್ನು ತಯಾರು ಮಾಡಿಕೊಂಡಿದ್ದವರು ಕನ್ನಡದಲ್ಲಿ ನಾಟಕ ಬರೆಯುತ್ತಿರುವುದನ್ನು ಕಂಡು ತಮಗೇ ಅಚ್ಚರಿಯಾದುದಾಗಿ ಕಾರ್ನಾಡರು ಹಲವೆಡೆ ಹೇಳಿಕೊಂಡಿದ್ದಾರೆ. ಮಗನ ಯೌವನವನ್ನು ತಂದೆ ಬೇಡುವ ಕಥೆ ಆ ವಾರಗಳಲ್ಲಿ ಅವರ ಕೈಗೆ ಸಿಕ್ಕಿದ್ದು ಆಕಸ್ಮಿಕವಲ್ಲ.

ಹಾಗಾದರೆ ವಿದೇಶ ವ್ಯಾಸಂಗ ಬರಹಕ್ಕೆ ಮಾಡಿಕೊಟ್ಟದ್ದೇನು? ಪರದೇಶದ ವಿದ್ಯಾರ್ಥಿ ದಿನವಿಡೀ ವಿವರಿಸುತ್ತ ಬದುಕುತ್ತಾನೆ ಎಂಬಲ್ಲಿಂದ ಈ ಪ್ರಶ್ನೆಗೆ ಉತ್ತರ ಹುಡುಕಬಹುದು ಎಂಬುದು ನನ್ನ ವಾದ. ತನ್ನ ಹೆಸರನ್ನು, ಊಟವನ್ನು, ಜಾತಿಯನ್ನು, ಮನೆಯವರು ಗೊತ್ತು ಮಾಡುವ ಮದುವೆಯನ್ನು ಅವನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳುತ್ತಲೇ ಇರಬೇಕು. ಊರಿನಲ್ಲಿ ಯಾರೂ ಕೇಳದ ಪ್ರಶ್ನೆಗಳು ಅಲ್ಲಿ ಚಹಾದ ಹೊತ್ತಿಗೆ ಸಹಜವಾಗಿ ಎದುರಾಗುತ್ತವೆ. ಇದರಿಂದ ಒಟ್ಟಿಗೇ ಎರಡು ಪರಿಣಾಮಗಳಾಗುತ್ತವೆ. ಒಂದು, ವಿವರಿಸಬೇಕಿಲ್ಲದ ಭಾಷೆಯೊಂದರ ಹಸಿವು ಹುಟ್ಟುತ್ತದೆ. ಇನ್ನೊಂದು, ಒಮ್ಮೆ ವಿವರಿಸಿದ ಮೇಲೆ ಆ ಸಂಗತಿ ಮೊದಲಿನಂತೆ ಪ್ರಶ್ನಾತೀತವಾಗಿ ಉಳಿಯುವುದಿಲ್ಲ. ‘ಸಂಸ್ಕಾರ’ ಈ ಎರಡರ ನಡುವೆ ಹುಟ್ಟಿತು.

ಅದರ ಹುಟ್ಟಿನ ಪ್ರಸಂಗವನ್ನು ಅನಂತಮೂರ್ತಿಯವರು ಮತ್ತೆ ಮತ್ತೆ ಹೇಳಿದ್ದಾರೆ. ಗುರುಗಳಾಗಿದ್ದ ಕಾದಂಬರಿಕಾರ ಮಾಲ್ಕಮ್ ಬ್ರ್ಯಾಡ್‌ಬರಿಯವರ ಜೊತೆ ಅವರು ಇಂಗ್ಮಾರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದರು. ಅದು 1957ರ ಸ್ವೀಡಿಷ್ ಚಿತ್ರ, ತೆರೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಪ್ಲೇಗು ಬಡಿದ ಮಧ್ಯಯುಗದ ನಾಡು, ದೇವರಿದ್ದಾನೆಯೇ ಎಂದು ತಳಮಳಿಸುವ ಯೋಧ. ಯುರೋಪಿನವನಿಗೆ ಮಧ್ಯಯುಗ ಪುಸ್ತಕದಿಂದ ತಿಳಿಯಬೇಕಾದದ್ದು, ಭಾರತೀಯನಿಗಾದರೋ ಅದು ಇಂದಿನ ಬದುಕಿನಲ್ಲೇ ಇದೆ ಎಂಬರ್ಥದ ಮಾತನ್ನು ಬ್ರ್ಯಾಡ್‌ಬರಿ ಆಡಿದರಂತೆ. ಆ ಮಾತು ಅನಂತಮೂರ್ತಿಯವರಲ್ಲಿ ಹೊತ್ತಿಸಿದ ಕಿಡಿಯೇ ಕಾದಂಬರಿಯಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಬರ್ಗ್‌ಮನ್ ಪ್ರಭಾವಕ್ಕೆ ಸಾಕ್ಷಿಯಾಗಿ ಎತ್ತಿಕೊಳ್ಳುತ್ತಾರೆ. ನನ್ನ ಗಮನ ಹೋಗುವುದು ಆ ಮಾತಿನಲ್ಲಿರುವ ನೋಟದ ಕಡೆಗೆ. ನಿನ್ನ ಊರಿನಲ್ಲಿ ಎಲ್ಲ ಕಾಲಗಳೂ ಒಟ್ಟಿಗಿವೆ ಎಂದು ಹೇಳುವವನು ಹೊರಗಿನವನು; ಮೇಳಿಗೆಯ ಅಗ್ರಹಾರದಲ್ಲಿ ಬೆಳೆದ ಹುಡುಗನಿಗೆ ಅದು ಬರಿಯ ಕಾಲವಾಗಿತ್ತು, ಮಧ್ಯಯುಗವಾಗಿರಲಿಲ್ಲ. ವಿದ್ಯಾರ್ಥಿಯು ಹೊರಗಿನವನು ಇಟ್ಟ ಹೆಸರನ್ನು ಸ್ವೀಕರಿಸಿದ, ಆದರೆ ಉತ್ತರವನ್ನು ಹೊರಗಿನವನಿಗೆ ಕೊಡಲಿಲ್ಲ. ಇಡೀ ಬರ್ಮಿಂಗ್‌ಹ್ಯಾಮಿನಲ್ಲಿ ಓದಬಲ್ಲವರು ತೀರ ವಿರಳವಾಗಿದ್ದ ಭಾಷೆಯಲ್ಲಿ ಬರೆದ. ಕಾದಂಬರಿಯ ಅಗ್ರಹಾರವಾದ ದೂರ್ವಾಸಪುರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರಿಲ್ಲ, ಒಲೆ ಉರಿಸುವಂತಿಲ್ಲ. ಅಪರಕ್ರಿಯೆಗೂ ಅಡುಗೆಗೂ ಇರುವ ಈ ಸಂಬಂಧವನ್ನು ಕಾದಂಬರಿ ಹೊರಗಿನವರಿಗಾಗಿ ನಿಂತು ತಿಳಿಸಿಹೇಳುವುದಿಲ್ಲ. ಮಾಧ್ವ, ಸ್ಮಾರ್ತ, ಬಹಿಷ್ಕಾರ, ಮಡಿ ಎಂಬ ಮಾತುಗಳು ಕನ್ನಡ ಓದುಗನಿಗೆ ನೇರ ಸಿಗುತ್ತವೆ. ಆದರೆ ಆ ಹೆಣದ ಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯನಿಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಊರಿನವರಿಗೆ ಊರಿನ ಮಾತಿನಲ್ಲೇ ಹೇಳಿದ ಕಥೆ ಇದು, ಆದರೆ ಊರಿನವರು ಹಾಕಿಕೊಳ್ಳದಿದ್ದ ಪ್ರಶ್ನೆ ಅದರ ಒಳಗಿದೆ.

ಹನ್ನೊಂದು ವರ್ಷಗಳ ಬಳಿಕ, 1976ರಲ್ಲಿ, ರಾಮಾನುಜನ್ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. ಆ ಅನುವಾದಕ್ಕೆ ಟಿಪ್ಪಣಿಗಳನ್ನೂ ಒಂದು ಹಿನ್ನುಡಿಯನ್ನೂ ಸೇರಿಸಬೇಕಾಯಿತು. ಬರ್ಮಿಂಗ್‌ಹ್ಯಾಮಿನ ವಿದ್ಯಾರ್ಥಿ ಕನ್ನಡದ ಮರೆಯಲ್ಲಿ ಇಳಿಸಿಟ್ಟ ವಿವರಣೆಯ ಹೊರೆಯನ್ನು ಇಂಡಿಯಾನಾದ ಹಳೆಯ ವಿದ್ಯಾರ್ಥಿ ರಾಮಾನುಜನ್ ಹೊತ್ತುಕೊಂಡರು ಎಂದು ನಾನು ಈ ಟಿಪ್ಪಣಿಗಳನ್ನು ಓದುತ್ತೇನೆ. ಅದಕ್ಕೆ ಅವರು ಸಿದ್ಧರಾದ ಬಗೆಯೂ ಗಮನಿಸಬೇಕಾದದ್ದು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಅವರಿಗೆ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ದೊರೆತದ್ದು ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ. ಮೈಸೂರಿನಲ್ಲಿ ಬೆಳೆದವರು, ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿದವರು ಕನ್ನಡವನ್ನು ನಿಯಮಗಳ ಒಂದು ವ್ಯವಸ್ಥೆಯಾಗಿ ಕಂಡದ್ದು ಅಮೆರಿಕದಲ್ಲಿ. ತಮ್ಮ ಬರಹಕ್ಕೆ ಹೊರ ಆಕಾರ ಕೊಟ್ಟದ್ದು ಇಂಗ್ಲಿಷ್ ಮತ್ತು ಕಲಿತ ಶಾಸ್ತ್ರಗಳು, ಒಳ ದ್ರವ್ಯ ಕೊಟ್ಟದ್ದು ಕನ್ನಡ ಮತ್ತು ತಮಿಳು ಎಂಬರ್ಥದಲ್ಲಿ ಅವರು ಹೇಳಿಕೊಂಡದ್ದುಂಟು. 1973ರ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ದ ಹಿಂದೆ ಆ ವ್ಯಾಕರಣಾಭ್ಯಾಸದ ಶಿಸ್ತು ಇದೆ ಎಂದು ನಾನು ನಂಬುತ್ತೇನೆ.

ಅನಂತಮೂರ್ತಿಯವರ ಮಹಾಪ್ರಬಂಧವನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಕನ್ನಡದಲ್ಲಿ ಅದರ ಚರ್ಚೆ ಸಾಕಷ್ಟು ಆಗಿಲ್ಲ. 1966ರಲ್ಲಿ ಪದವಿ ತಂದುಕೊಟ್ಟ ಆ ಪ್ರಬಂಧದ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕಾರಣ. ಕ್ರಿಸ್ಟೋಫರ್ ಇಷರ್‌ವುಡ್, ಎಡ್ವರ್ಡ್ ಅಪ್‌ವರ್ಡ್ ಅದರ ಮುಖ್ಯ ಲೇಖಕರು. ಇಬ್ಬರೂ ಅನುಕೂಲಸ್ಥ ಇಂಗ್ಲಿಷ್ ಮನೆತನಗಳಲ್ಲಿ ಹುಟ್ಟಿ ಎಡಪಂಥದ ಕಡೆ ತಿರುಗಿದವರು. ಹುಟ್ಟಿದ ವರ್ಗವನ್ನು ನಿರಾಕರಿಸಿದ ಲೇಖಕನ ಕೈಯಲ್ಲಿ ಆ ವರ್ಗದ ಒಳಗನ್ನು ಬಲ್ಲ ಭಾಷೆ ಉಳಿಯುತ್ತದಲ್ಲ, ಅದನ್ನು ಅವನು ಏನು ಮಾಡಬೇಕು? ಹಗಲು ಗ್ರಂಥಾಲಯದಲ್ಲಿ ಇಂಗ್ಲಿಷಿನಲ್ಲಿ ಎತ್ತಿದ ಈ ಪ್ರಶ್ನೆಯೇ ಕನ್ನಡದಲ್ಲಿ ಅಗ್ರಹಾರದ ಕಥೆಯಾಯಿತು ಎಂದು ನನಗೆ ತೋರುತ್ತದೆ. ಮುಂದೆ 1973ರ ‘ಭಾರತೀಪುರ’ದಲ್ಲಿ ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ಅಲ್ಲಿನ ಗೆಳತಿ ಮಾರ್ಗರೆಟ್‌ಗೆ ಪತ್ರ ಬರೆಯುತ್ತಾನೆ. ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಟವನಿಗೆ ಊರನ್ನು ನೋಡಲು ಊರಿನ ಹೊರಗಿನ ಒಬ್ಬ ಓದುಗಾರ್ತಿ ಬೇಕಾಗುತ್ತಾಳೆ. ವಿವರಣೆಯ ಹೊರೆಯನ್ನು ಮನೆಗೂ ಹೊತ್ತು ತಂದವನ ಚಿತ್ರ ಅದು.

ಇಷ್ಟು ಹೇಳಿದ ಮೇಲೆ ನನ್ನ ವಾದದ ಮಿತಿಯನ್ನೂ ಹೇಳಬೇಕು. ಇವರೆಲ್ಲರೂ ಗಂಡಸರು, ಎಲ್ಲರೂ ಬ್ರಾಹ್ಮಣ ಮನೆತನದವರು. ಇವರಿಗಿಂತ ಮೊದಲು ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿದ ವಿ.ಕೃ. ಗೋಕಾಕರೂ ಹಾಗೆಯೇ, ಆ ಸಮುದ್ರಯಾನದ ಫಲ ಅವರ ‘ಸಮುದ್ರಗೀತೆಗಳು’. ವಿವರಿಸಬೇಕಿಲ್ಲದ ಭಾಷೆಯ ನೆಮ್ಮದಿ ಎಂದೆನಲ್ಲ, ಆ ನೆಮ್ಮದಿ ಎಲ್ಲರಿಗೂ ಒದಗುವಂಥದಲ್ಲ. ಬಡೋದೆಯ ಮಹಾರಾಜರ ನೆರವಿನಿಂದ 1913ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದ ಬಿ.ಆರ್. ಅಂಬೇಡ್ಕರ್ 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳನ್ನು ಕುರಿತ ಪ್ರಬಂಧವನ್ನು ಓದಿದರು. ಊರಿನ ಬಾವಿಯ ಹತ್ತಿರ ಬಿಟ್ಟುಕೊಳ್ಳದ ಸಮಾಜವನ್ನು ಅವರು ನ್ಯೂಯಾರ್ಕಿನ ಕೋಣೆಯಲ್ಲಿ ಪರಕೀಯರಿಗೆ ವಿವರಿಸಿದರು. ಅಲ್ಲಿ ವಿವರಣೆ ಹೊರೆಯಾಗಿರಲಿಲ್ಲ, ಆಯುಧವಾಗಿತ್ತು. ಇದೇ ಅಗ್ರಹಾರ ಮತ್ತು ಹೊಲಗೇರಿಗಳ ನಡುವಿನ ವ್ಯತ್ಯಾಸ, ಸಾಗರದಾಚೆಯೂ ಅಳಿಯದೆ ಉಳಿದದ್ದು. ಹಾಗಾಗಿಯೇ ಪರಿಶಿಷ್ಟ ಜಾತಿಯ ಮತ್ತಿತರ ವಂಚಿತ ಸಮುದಾಯಗಳ ವಿದ್ಯಾರ್ಥಿಗಳಿಗೆಂದು ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳಲ್ಲಿ 2022ರಲ್ಲಿ ಭಾರತೀಯ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟದ್ದು ನನ್ನನ್ನು ತೀವ್ರವಾಗಿ ನೋಯಿಸಿತು. ಅಂಬೇಡ್ಕರ್ ಕೊಲಂಬಿಯದಲ್ಲಿ ಮಾಡಿದ ಕೆಲಸಕ್ಕೆ ಆ ನಿಯಮದ ಅಡಿಯಲ್ಲಿ ಹಣ ಸಿಗುತ್ತಿರಲಿಲ್ಲ.

ಹಣದ ಮಾತು ಬಂದದ್ದರಿಂದ ಅದನ್ನೂ ನೋಡೋಣ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆ ರೂಪುಗೊಂಡದ್ದು 1959ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ. ಪ್ರಯಾಣದ ಖರ್ಚು, ಶುಲ್ಕ, ತಿಂಗಳ ವೆಚ್ಚ ಎಲ್ಲವೂ ಅದರಲ್ಲಿ ಸೇರಿತ್ತು. ಅಲ್ಲದೆ, ಆಗ ಬ್ರಿಟನ್ನಿನಲ್ಲಿ ಸ್ಥಳೀಯರಿಗೂ ಹೊರನಾಡಿನವರಿಗೂ ಶುಲ್ಕ ಒಂದೇ. ಇವರಿಬ್ಬರ ನಡುವೆ ಭೇದ ಬಂದದ್ದು 1967ರಲ್ಲಿ: ಸ್ಥಳೀಯರಿಗೆ 70 ಪೌಂಡು, ಹೊರಗಿನವರಿಗೆ 250 ಪೌಂಡು. 1980ರಿಂದ ಹೊಸದಾಗಿ ಸೇರುವ ಹೊರನಾಡ ವಿದ್ಯಾರ್ಥಿ ತನ್ನ ಓದಿನ ಪೂರ್ಣ ವೆಚ್ಚವನ್ನು ತಾನೇ ಭರಿಸಬೇಕಾಯಿತು. ವಿದೇಶೀ ವಿದ್ಯಾರ್ಥಿ ಅತಿಥಿಯ ಜಾಗದಿಂದ ಗ್ರಾಹಕನ ಜಾಗಕ್ಕೆ ಸರಿದದ್ದು ಈ ಹದಿಮೂರು ವರ್ಷಗಳಲ್ಲಿ. ‘ಸಂಸ್ಕಾರ’ ಬರೆಯಲು ಸಿಕ್ಕ ಸಂಜೆಗಳಿಗೆ ಯಾರೋ ಹಣ ತೆತ್ತಿದ್ದರು ಎಂಬುದನ್ನು ಸಾಹಿತ್ಯಚರಿತ್ರೆ ಬರೆದಿಟ್ಟುಕೊಳ್ಳಬೇಕು.

ಈಗ ಹೋಗುವವರ ಸಂಖ್ಯೆ ಆಗ ಊಹಿಸಲಾಗದಷ್ಟು. 2023–24ರಲ್ಲಿ ಅಮೆರಿಕದಲ್ಲೇ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಬೇರಾವ ದೇಶದವರಿಗಿಂತಲೂ ಹೆಚ್ಚು. ಅವರಲ್ಲಿ ಅರ್ಧಕ್ಕೂ ಮೀರಿ ಸ್ನಾತಕೋತ್ತರ ಹಂತದವರು. ಸರ್ಕಾರದ ನೆರವಿನ ದಾರಿಗಳು ಇಲ್ಲದಿಲ್ಲ. ಪರಿಶಿಷ್ಟ ವಿದ್ಯಾರ್ಥಿಗಳಿಗಾಗಿ ಕರ್ನಾಟಕದ ‘ಪ್ರಬುದ್ಧ’ ಯೋಜನೆ ಅಂಥದೊಂದು. ಆದರೆ ಬಹಳ ಮಂದಿ ಹೋಗುವುದು ಬ್ಯಾಂಕಿನ ಸಾಲದ ಮೇಲೆ, ಎಷ್ಟೋ ಸಲ ಮನೆಯ ಅಥವಾ ಸೈಟಿನ ಪತ್ರ ಅಡವಿಟ್ಟು. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಆಸ್ಟ್ರೇಲಿಯದಲ್ಲಿ ಎರಡು ವಾರಕ್ಕೆ 48 ಗಂಟೆ. ಅಮೆರಿಕದಲ್ಲಿ ಪದವಿಯ ನಂತರ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು ಕೆಲಸದ ಅನುಮತಿ ಉಂಟು. ಸಾಲ ತೀರಿಸುವ ಲೆಕ್ಕವೆಲ್ಲ ಆ ತಿಂಗಳುಗಳ ಮೇಲೆಯೇ ನಿಂತಿದೆ. ಬ್ರಿಟನ್ನಿನ ಎಂ.ಎಸ್‌ಸಿ. ಬಹುಪಾಲು ಒಂದೇ ವರ್ಷದ್ದು. ಪಾಠ, ಪ್ರಾಜೆಕ್ಟು, ಅಂಗಡಿಯ ಅಥವಾ ಗೋದಾಮಿನ ಪಾಳಿ, ಉದ್ಯೋಗದ ಅರ್ಜಿ ಎಲ್ಲವೂ ಅದರೊಳಗೆ ಮುಗಿಯಬೇಕು. ಸಾಲ ಮಾಡಿ ಓದುವುದು ಹೊಸದೇನಲ್ಲ. 1920ರಲ್ಲಿ ಅಂಬೇಡ್ಕರರೇ ಲಂಡನ್ನಿಗೆ ಮರಳಿದ್ದು ತಾವು ಉಳಿಸಿದ ಹಣ, ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನರ ಸಾಲ ಇವುಗಳ ಬಲದಿಂದ. ಆದರೆ ಒಂದು ಇಡೀ ಪೀಳಿಗೆ ಹೀಗೆ ಹೋಗುತ್ತಿರುವುದು ಹೊಸದು.

ವಿವರಣೆಯ ಹೊರೆಯೂ ದಿಕ್ಕು ಬದಲಿಸಿದೆ ಎಂಬುದು ನನ್ನ ಊಹೆ. ಅನಂತಮೂರ್ತಿಯವರ ಕಾಲದಲ್ಲಿ ಊರಿನೊಡನೆ ಇದ್ದ ನಂಟು ಕಾಗದದ ಮೂಲಕ, ಒಂದು ಕಾಗದಕ್ಕೂ ಇನ್ನೊಂದಕ್ಕೂ ನಡುವೆ ದಿನಗಟ್ಟಲೆ ಮೌನ. ಈಗ ಪ್ರತಿ ರಾತ್ರಿ ಅಮ್ಮ ಫೋನಿನ ತೆರೆಯ ಮೇಲೆ ಇರುತ್ತಾಳೆ. “ಊಟ ಆಯ್ತಾ ಮಗಾ” ಎಂದು ಕೇಳುವವಳಿಗೆ ಗೋದಾಮಿನ ರಾತ್ರಿಪಾಳಿಯನ್ನು, ಆರು ಜನರ ಕೋಣೆಯನ್ನು, ಬಾರದ ಇಂಟರ್‌ವ್ಯೂ ಕರೆಯನ್ನು ಹೇಗೆ ಹೇಳುವುದು? ಕನ್ನಡದಲ್ಲಿ ದಿನವೂ ಮಾತಾಡುತ್ತಾರೆ, ಆದರೆ ಆ ಮಾತು ಬಹಳಷ್ಟನ್ನು ಮುಚ್ಚಿಡುವುದಕ್ಕೇ ಖರ್ಚಾಗಬಹುದು. ಹೊರಗಿನವರಿಗೆ ಊರನ್ನು ವಿವರಿಸಬೇಕಿದ್ದ ಮಗ ಈಗ ಊರಿಗೆ ಹೊರಗನ್ನು ವಿವರಿಸಬೇಕು, ಅಥವಾ ವಿವರಿಸದೆ ಉಳಿಯಬೇಕು.

ಈ ಊಹೆಯನ್ನು ಪರೀಕ್ಷಿಸಲು ಪ್ರಕಟಿತ ಪುಸ್ತಕಗಳು ಸಾಲವು. ವಿದ್ಯಾರ್ಥಿಗಳ ಜೊತೆ ಕುಳಿತು ಮಾತಾಡಬೇಕು. ಆ ಕೆಲಸಕ್ಕಾಗಿ ನಾನು ಸಿದ್ಧಪಡಿಸುತ್ತಿರುವ ಪ್ರಶ್ನಾವಳಿಯಲ್ಲಿ ಸಾಲದ ಮೊತ್ತ, ಪಾಳಿಯ ಗಂಟೆ, ಬಾಡಿಗೆ ಇವುಗಳ ಬಳಿಕ ಬರುವ ಪ್ರಶ್ನೆ ಇದು: ಇಲ್ಲಿಯವರಿಗೂ ಹೇಳಲಾಗದ, ಮನೆಯವರಿಗೂ ಹೇಳಲಾಗದ ಸಂಗತಿಯನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ, ಬರೆದಿದ್ದರೆ ಯಾವ ಭಾಷೆಯಲ್ಲಿ?