ಮೈಸೂರಿನ ಶರತ್ಕಾಲದಲ್ಲಿ ಸಂಗೀತ ಮತ್ತು ವಿನೋದ

ಮೈಸೂರಿನ ದಸರೆಯ ಇತಿಹಾಸವೆಂದೊಡನೆ ಜಂಬೂಸವಾರಿಯನ್ನೇ ವರ್ಣಿಸುವುದು ರೂಢಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಶರನ್ನವರಾತ್ರಿಯು ರಾಜವೈಭವದ ಪ್ರದರ್ಶನವಾಗಿದ್ದುದು ನಿಜ. ಆದರೆ ಅರಸೊತ್ತಿಗೆಯು ಅಳಿದ ಮೇಲೂ ಹಬ್ಬವು ಉಳಿದುದೇಕೆಂಬ ಪ್ರಶ್ನೆಗೆ ಮೆರವಣಿಗೆಯೊಂದೇ ಉತ್ತರವಾಗಲಾರದು. ಸಂಜೆಯ ಸಭೆಗಳನ್ನೂ ನೋಡಬೇಕಾಗುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ (1902–1940) ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಆಸ್ಥಾನ ವಿದ್ವಾಂಸರಾಗಿದ್ದರು. ದರ್ಬಾರಿಗೆ ಬರುವವರು ಆಹ್ವಾನಿತರು. ಆಸನವು ಅವರವರ ಅಂತಸ್ತಿಗೆ ತಕ್ಕಂತೆ. ವಿನೋದವು ಬಂದ ದಾರಿ ಬೇರೆ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದಾಗ, ಊಟದ ಚಪಲದ ವಿದೂಷಕನು ಮೈಸೂರಿನ ರಂಗದ ಮೇಲೆ ಕನ್ನಡದಲ್ಲಿ ಮಾತನಾಡತೊಡಗಿದನು. ಮುಂದೆ ವೃತ್ತಿನಾಟಕ ಕಂಪನಿಗಳು ಅವನ ವಂಶವನ್ನು ಹಣ ತೆತ್ತು ಬಂದ ಪ್ರೇಕ್ಷಕರ ಮುಂದೆ ಬೆಳೆಸಿದುವು. ಗುಬ್ಬಿ ವೀರಣ್ಣನವರ ಕೀರ್ತಿಗೆ ಹಾಸ್ಯಪಾತ್ರಗಳೇ ತಳಹದಿ. ಸಂಗೀತಕ್ಕೆ ಅರಮನೆಯು ಆಶ್ರಯವಾದಂತೆ ನಗೆಗೆ ಟಿಕೀಟು ಆಶ್ರಯವಾಯಿತೆನ್ನಬಹುದು.

1971ರಲ್ಲಿ ರಾಜಧನವು ರದ್ದಾಯಿತು. ದಸರೆಯು ಸರ್ಕಾರ ನಡೆಸುವ ನಾಡಹಬ್ಬವಾಯಿತು. ಈಗ ದೀಪಾಲಂಕೃತ ಅರಮನೆಯ ಎದುರಿನ ವೇದಿಕೆಯ ಕಛೇರಿಗಳನ್ನು ಸಾಮಾನ್ಯ ಜನರೂ ಕುಳಿತು ಕೇಳುತ್ತಾರೆ. ಕಲಾಮಂದಿರ, ಜಗನ್ಮೋಹನ ಅರಮನೆಗಳಲ್ಲಿಯೂ ಸಭೆಗಳು ನಡೆಯುತ್ತವೆ. ನಗೆಯ ಕಾರ್ಯಕ್ರಮಗಳಿಗೂ ಅದೇ ಹಬ್ಬದಲ್ಲಿ ಸ್ಥಳ ದೊರೆತಿದೆ. ಆದರೂ ಆಸ್ಥಾನ ವಿದ್ವಾಂಸರ ಕೃತಿಗಳೂ ಶಿಷ್ಯಪರಂಪರೆಗಳೂ ನಮ್ಮ ಇತಿಹಾಸಗಳಲ್ಲಿ ಪಡೆದ ಎಡೆಯನ್ನು ಹಾಸ್ಯನಟರು ಪಡೆದಿಲ್ಲ. ರಂಗದ ಮೇಲೆ ಆಗಿಂದಾಗ ಹುಟ್ಟಿದ ಮಾತನ್ನು ಬರೆದಿಟ್ಟವರು ಕಡಮೆ. ಆ ಕಂಪನಿಗಳ ಕರಪತ್ರಗಳನ್ನೂ ಪತ್ರಿಕೆಗಳ ಜಾಹೀರಾತುಗಳನ್ನೂ ನಮ್ಮ ವಿದ್ಯಾರ್ಥಿಗಳು ಇನ್ನಾದರೂ ಸಂಗ್ರಹಿಸತೊಡಗಬೇಕು.