ಕರಾವಳಿಯ ಬಣ್ಣ ಮರೆಯದ ಹೆಬ್ಬಾರ್

ಫ್ರಾನ್ಸಿನ ಚಿತ್ರಕಾರ ಪಾಲ್ ಸಿನ್ಯಾಕ್ (1863-1935) ಪ್ಯಾರಿಸಿನವನು. 1892ರಲ್ಲಿ ಹಾಯಿದೋಣಿ ಏರಿ ದಕ್ಷಿಣದ ಮೆಡಿಟರೇನಿಯನ್ ತೀರದ ಸೇಂಟ್ ಟ್ರೋಪೆ ಎಂಬ ಪುಟ್ಟ ಬಂದರಿಗೆ ಬಂದವನು ಅಲ್ಲಿಯ ಬಿಸಿಲಿಗೆ ಮನಸೋತು ಮನೆಯನ್ನೇ ಮಾಡಿಕೊಂಡ. ಶುದ್ಧ ಬಣ್ಣಗಳನ್ನು ಬೆರೆಸದೆ ಚುಕ್ಕೆ ಚುಕ್ಕೆಯಾಗಿ ಪಕ್ಕಪಕ್ಕದಲ್ಲಿಟ್ಟು, ನೋಡುವವರ ಕಣ್ಣಿನಲ್ಲೇ ಅವು ಬೆರೆಯುವಂತೆ ಮಾಡುವುದು ಅವನ ಮತ್ತು ಗೆಳೆಯ ಜಾರ್ಜ್ ಸ್ಯುರಾನ ಪದ್ಧತಿ. ಕಲಾಚರಿತ್ರೆ ಅದನ್ನು ನವ-ಇಂಪ್ರೆಷನಿಸಂ ಎಂದು ಕರೆದಿದೆ.

ಕನ್ನಡ ನಾಡಿನಲ್ಲಿ ದಕ್ಷಿಣದ ಕಡಲತೀರದ ಬಣ್ಣಕ್ಕೆ ಹೀಗೆ ಒಲಿದವರೆಂದರೆ ಕೆ.ಕೆ. ಹೆಬ್ಬಾರ್. ಅವರು ಚುಕ್ಕೆಯ ಪದ್ಧತಿಯನ್ನು ಅನುಸರಿಸಿದವರಲ್ಲ. ಸಿನ್ಯಾಕ್ ಕಡಲತೀರವನ್ನು ಹುಡುಕಿಕೊಂಡು ಹೋದ. ಹೆಬ್ಬಾರರು ಅಲ್ಲಿಯೇ ಹುಟ್ಟಿ, ಅದರಿಂದ ದೂರ ಹೋಗಿ ಅದನ್ನು ಮತ್ತೆ ಕಂಡುಕೊಂಡರು.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಕಲಿತದ್ದು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ. ಬ್ರಿಟಿಷರು ಹಾಕಿಕೊಟ್ಟ ಆ ಶಿಕ್ಷಣ ಕಂಡದ್ದನ್ನು ಕಂಡಂತೆ ಬರೆಯುವ ಕೌಶಲವನ್ನು ಕೈಗೆ ಕೊಟ್ಟಿತು. ಆದರೆ ಆ ಚಿತ್ರಗಳಲ್ಲಿ ತಮ್ಮ ನೆಲದ ಗುಣವೇ ಇಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಕೈಗೆ ಸಿದ್ಧಿಸಿದ ಶೈಲಿಯನ್ನು ಬಿಟ್ಟುಕೊಡುವುದು ಯಾವ ಕಲಾವಿದನಿಗೂ ಸುಲಭವಲ್ಲ. ಹೆಬ್ಬಾರರು ಅದನ್ನು ಬಿಡಲು ಧೈರ್ಯ ಮಾಡಿದರು. ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ರಜಪೂತ ಮತ್ತು ಮೊಗಲ್ ಕಿರುಚಿತ್ರಗಳನ್ನು, ಅಜಂತೆಯ ಭಿತ್ತಿಚಿತ್ರಗಳನ್ನು ಅಭ್ಯಾಸ ಮಾಡಿದರು. ಅಮೃತಾ ಶೇರ್‌ಗಿಲ್ ಮತ್ತು ಗೋಗಾನ್ ಅವರ ಕೃತಿಗಳೂ ದಾರಿ ತೋರಿದವು.

1940ರ ದಶಕದಲ್ಲಿ ಅವರು ಬರೆದ ಮಲಬಾರಿನ ಚಿತ್ರಗಳಲ್ಲಿ ಈ ಹುಡುಕಾಟ ಫಲ ಕೊಟ್ಟಿತು. ಮುರಕಲ್ಲಿನ ಕೆಂಪು, ತೆಂಗಿನ ತೋಟದ ಹಸಿರು, ಬಿಳಿ ಬಟ್ಟೆ ತೊಟ್ಟ ಕಂದು ಮೈಯ ಜನ, ಹೀಗೆ ಬಾಲ್ಯದಲ್ಲಿ ನೋಡಿದ ಲೋಕವೇ ಅವರಿಗೆ ಅಲ್ಲಿ ಎದುರಾಯಿತು. ನೆರಳಿನಿಂದ ಗಾತ್ರ ತೋರಿಸುವ ಶಾಲೆಯ ಪಾಠ ಹಿಂದೆ ಸರಿದು, ಸಪಾಟಾದ ಬಣ್ಣ ಮತ್ತು ಬಳುಕುವ ರೇಖೆ ಮುಂದೆ ಬಂದವು.

1949ರಲ್ಲಿ ಪ್ಯಾರಿಸಿಗೆ ತೆರಳಿ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದಾಗ ಅವರು ದಾರಿ ತಿಳಿದ ಕಲಾವಿದರಾಗಿದ್ದರು. ಮುಂದೆ ಹಸಿವು, ಯುದ್ಧದಂಥ ವಸ್ತುಗಳನ್ನು ಎತ್ತಿಕೊಂಡಾಗಲೂ ಬಣ್ಣದ ಬಿಸುಪು ಆರಲಿಲ್ಲ. ಯಕ್ಷಗಾನದ ನಾಡಿನಿಂದ ಬಂದು, ಕಥಕ್ ನೃತ್ಯವನ್ನೂ ಕಲಿತಿದ್ದ ಅವರ ರೇಖೆಗಳಿಗೆ ಲಯ ಸಹಜವಾಗಿತ್ತು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ಹಾಡುವ ರೇಖೆ' ಎಂಬರ್ಥದ ಇಂಗ್ಲಿಷ್ ಹೆಸರು ಇದ್ದದ್ದು ಉಚಿತವೇ ಆಗಿದೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 1996ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಅವರ ಕೃತಿಗಳಿವೆ. ಬಾಳಿನ ಬಹುಪಾಲನ್ನು ಮುಂಬಯಿಯಲ್ಲೇ ಕಳೆದ ಈ ಕಲಾವಿದನ ಕುಂಚ ಕಟ್ಟಿಂಗೇರಿಯ ಮಣ್ಣಿನ ಬಣ್ಣವನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.