ಉಹ್ರೊವೆತ್ಸ್ ಗ್ರಾಮವೂ ಅದರ ಇಬ್ಬರು ಮಕ್ಕಳೂ

ಚರಿತ್ರೆಯೆಂದೊಡನೆ ರಾಜಧಾನಿಗಳೂ ರಣರಂಗಗಳೂ ನಮ್ಮ ಕಣ್ಣ ಮುಂದೆ ನಿಲ್ಲುವುವು. ಹಳ್ಳಿಗಳ ಹೆಸರು ಅದರಲ್ಲಿ ಬರುವುದು ವಿರಳ. ಬಂದರೂ ಸೈನ್ಯವು ಹಾದುಹೋದ ದಾರಿಯೆಂದೋ, ಬೆಂಕಿಗೆ ಆಹುತಿಯಾದ ಊರೆಂದೋ ಬರುವುದೇ ಹೆಚ್ಚು. ಆದರೆ ಒಂದು ಜನಾಂಗದ ಭಾಷೆಗೂ ಸ್ವಾತಂತ್ರ್ಯಕ್ಕೂ ಸಂಬಂಧಿಸಿದ ಎರಡು ಮಹಾಪ್ರಕರಣಗಳ ನಾಯಕರು ಒಂದೇ ಹಳ್ಳಿಯಲ್ಲಿ, ಅದರಲ್ಲಿಯೂ ಒಂದೇ ಮನೆಯಲ್ಲಿ ಜನಿಸಿದರೆಂದರೆ, ಆ ಹಳ್ಳಿಯ ವೃತ್ತಾಂತವನ್ನು ಅರಿಯುವ ಶ್ರಮವು ವ್ಯರ್ಥವಾಗಲಾರದು.

ಉಹ್ರೊವೆತ್ಸ್ ಎಂಬ ಈ ಗ್ರಾಮವು ಸ್ಲೊವಾಕಿಯಾ ದೇಶದ ಪಶ್ಚಿಮಭಾಗದಲ್ಲಿ, ಬಾನೊವ್ತ್ಸೆ ಪಟ್ಟಣಕ್ಕೆ ಅನತಿದೂರದಲ್ಲಿ, ಕಾಡುಬೆಟ್ಟಗಳ ನಡುವಣ ಒಂದು ಕಣಿವೆಯಲ್ಲಿರುವುದು. ಅಲ್ಲಿಯ ಜನಸಂಖ್ಯೆ ಸುಮಾರು 1,500. ಸಮೀಪದ ಬೆಟ್ಟದ ಮೇಲೆ 13ನೆಯ ಶತಮಾನದ ಕೋಟೆಯೊಂದರ ಅವಶೇಷಗಳಿವೆ. ಆ ಕೋಟೆಯೂ ಅದಕ್ಕೆ ಸೇರಿದ ಭೂಮಿಯೂ 16ನೆಯ ಶತಮಾನದಲ್ಲಿ ಜಾಯ್ ಎಂಬ ಶ್ರೀಮಂತ ವಂಶದ ಕೈಸೇರಿದುವು. ಅಂದು ಸ್ಲೊವಾಕರ ನಾಡೆಲ್ಲವೂ ಹಂಗೆರಿ ರಾಜ್ಯಕ್ಕೆ ಒಳಪಟ್ಟಿತ್ತು. ಹಂಗೆರಿಯವರು ಒಡೆಯರ ಹೆಸರನ್ನೇ ಊರಿಗೂ ಸೇರಿಸಿ, ಅದನ್ನು ಜಾಯ್-ಉಗ್ರೋತ್ಸ್ ಎಂದು ಕರೆದರು.

ಈ ಊರಿನ ಪ್ರಾಟೆಸ್ಟೆಂಟ್ ಉಪಾಧ್ಯಾಯನಾದ ಸಾಮುಯೆಲ್ ಷ್ಟೂರನಿಗೆ 1815ನೆಯ ಅಕ್ಟೋಬರ್ 28ರಂದು ಒಬ್ಬ ಮಗನು ಹುಟ್ಟಿದನು. ಆತನೇ ಲ್ಯುದೊವಿಟ್ ಷ್ಟೂರ್. ತಂದೆಯ ಬಳಿ ಮೊದಲ ಪಾಠಗಳನ್ನು ಕಲಿತ ಬಾಲಕನು ಮುಂದೆ ಬ್ರಾಟಿಸ್ಲಾವಾ ನಗರದ ವಿದ್ಯಾಶಾಲೆಯನ್ನು ಸೇರಿದನು. 1834ರಲ್ಲಿ ಹಣವಿಲ್ಲದೆ ವಿದ್ಯಾಭ್ಯಾಸಕ್ಕೆ ತಡೆಯುಂಟಾಯಿತು. ಆಗ ಅವನು ಊರಿಗೆ ಮರಳಿ, ಕೌಂಟ್ ಕಾರೊಯ್ ಜಾಯ್ ಎಂಬ ಪ್ರಭುವಿನಲ್ಲಿ ಲೇಖಕನಾಗಿ ಕೆಲವು ಕಾಲ ಊಳಿಗಮಾಡಿದನು. ಒಡೆಯನಿಗೂ ಗುಮಾಸ್ತನಿಗೂ ಮುಂದೆ ಒದಗಲಿದ್ದ ವಿರೋಧವನ್ನು ಆ ದಿನ ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಹಂಗೆರಿಯಲ್ಲಿ ಅಲ್ಲಿಯ ವರೆಗೆ ರಾಜ್ಯಭಾರದ ಭಾಷೆಯು ಲ್ಯಾಟಿನ್ ಆಗಿತ್ತು. ಅದು ಯಾರ ಮನೆಮಾತೂ ಅಲ್ಲವಾದುದರಿಂದ ಯಾರಿಗೂ ಅಸೂಯೆಯಿರಲಿಲ್ಲ. ಕಾಲಕ್ರಮದಲ್ಲಿ ಅದರ ಸ್ಥಾನಕ್ಕೆ ಹಂಗೆರಿಯ ನುಡಿಯೇ ಬರತಕ್ಕದ್ದೆಂಬ ವಾದವು ಬಲವಾಗಿ, 1844ರಲ್ಲಿ ಶಾಸನವೇ ಆಯಿತು. ಪಾಠಶಾಲೆಗಳಲ್ಲಿಯೂ ದೇವಾಲಯಗಳಲ್ಲಿಯೂ ಅದೇ ನಡೆಯಬೇಕೆಂಬ ಚಳವಳಿಯ ಮುಂದಾಳುಗಳಲ್ಲಿ, 1840ರಿಂದ ಲೂಥರ್ ಮತದ ಸಭೆಗೆ ಮುಖ್ಯ ಪರೀಕ್ಷಕನಾಗಿದ್ದ ಕೌಂಟ್ ಜಾಯ್ ಒಬ್ಬನು. ಸ್ಲೊವಾಕರು 1842ರಲ್ಲಿ ವಿಯೆನ್ನಾದ ಚಕ್ರವರ್ತಿಯ ಸನ್ನಿಧಾನಕ್ಕೆ ಬಿನ್ನವತ್ತಳೆಯೊಂದನ್ನು ಒಪ್ಪಿಸಿದರು. ಅದರ ಸಿದ್ಧತೆಯಲ್ಲಿ ಹಿಂದಿನ ಗುಮಾಸ್ತನಾದ ಷ್ಟೂರನೂ ಭಾಗಿಯಾಗಿದ್ದನು. ಒಂದೇ ಊರಿನ ಇಬ್ಬರು ಒಂದೇ ಪ್ರಶ್ನೆಯ ಎರಡು ದಡಗಳಲ್ಲಿ ನಿಂತರು.

ಬಿನ್ನವತ್ತಳೆಯಿಂದ ಭಾಷೆಯು ಉಳಿಯಲಾರದೆಂಬುದನ್ನು ಷ್ಟೂರನು ಬೇಗನೆ ಕಂಡುಕೊಂಡನು. ಸ್ಲೊವಾಕರಿಗೆ ಸರ್ವಸಮ್ಮತವಾದ ಗ್ರಂಥಭಾಷೆಯೇ ಇರಲಿಲ್ಲ. ಪ್ರಾಟೆಸ್ಟೆಂಟರು ಹಳೆಯ ಬೈಬಲಿನ ಚೆಕ್ ಭಾಷೆಯಲ್ಲಿ ಬರೆಯುತ್ತಿದ್ದರು. ಕ್ಯಾಥೊಲಿಕರಲ್ಲಿ ಹಲವರು, ಪಾದ್ರಿ ಬೆರ್ನೊಲಾಕನು 1787ರಲ್ಲಿ ಪಶ್ಚಿಮದ ನುಡಿಯನ್ನು ಆಧರಿಸಿ ಕಟ್ಟಿದ ಭಾಷೆಯನ್ನು ಬಳಸುತ್ತಿದ್ದರು. 1843ನೆಯ ಜುಲೈ ತಿಂಗಳಲ್ಲಿ ಹ್ಲ್‌ಬೊಕೆ ಎಂಬ ಇನ್ನೊಂದು ಹಳ್ಳಿಯಲ್ಲಿ, ಪಾದ್ರಿ ಹುರ್ಬಾನನ ಮನೆಯಲ್ಲಿ, ಹುರ್ಬಾನ್, ಹೊಜಾ, ಷ್ಟೂರ್ ಈ ಮೂವರು ಕಲೆತು, ಮಧ್ಯದೇಶದ ಆಡುಮಾತನ್ನು ಆಧಾರವಾಗಿಟ್ಟುಕೊಂಡು ಎಲ್ಲರಿಗೂ ಒಂದೇ ಬರೆಹದ ಭಾಷೆಯನ್ನು ನಿರ್ಮಿಸುವುದೆಂದು ನಿಶ್ಚಯಿಸಿದರು. 1845ರಲ್ಲಿ ಆ ಭಾಷೆಯಲ್ಲಿ ವೃತ್ತಪತ್ರಿಕೆಯೂ 1846ರಲ್ಲಿ ಷ್ಟೂರನು ರಚಿಸಿದ ವ್ಯಾಕರಣವೂ ಹೊರಬಂದುವು. ಕುರುಬರೂ ಒಕ್ಕಲಿಗರೂ ಆಡುವ ಮಾತಿಗೆ ವ್ಯಾಕರಣವೇಕೆಂದು ಹಿರಿಯ ವಿದ್ವಾಂಸರಲ್ಲಿ ಹಲವರು ಜರೆದರು. ಆದರೂ 1852ರಲ್ಲಿ ಕಾಗುಣಿತದಲ್ಲಿ ಮಾಡಿದ ತಿದ್ದುಪಡಿಗಳೊಡನೆ ಅದೇ ನಿಂತಿತು.

1848ರಲ್ಲಿ ಸ್ಲೊವಾಕರು ದಂಗೆಯೆದ್ದರು. ಅದು ಫಲಿಸಲಿಲ್ಲ. ಷ್ಟೂರನು ಮೊದ್ರಾ ಎಂಬ ಪಟ್ಟಣದಲ್ಲಿ, ಪೋಲೀಸರ ಕಣ್ಣಿನ ಕೆಳಗೆ, ತೀರಿಹೋದ ಅಣ್ಣನ ಮಕ್ಕಳನ್ನು ಸಾಕುತ್ತ ಉಳಿದನು. ಆಶಾಭಂಗದ ಆ ದಿನಗಳಲ್ಲಿ ಆತನು ಜರ್ಮನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದು, ಸ್ಲಾವ್ ಜನಾಂಗಗಳಿಗೆಲ್ಲ ರಷ್ಯಾ ದೇಶವೇ ಶರಣ್ಯವೆಂದು ಸಾರಿದನು. 1855ನೆಯ ಡಿಸೆಂಬರ್ 22ರಂದು ಬೇಟೆಗೆ ಹೋದಾಗ ತನ್ನ ಬಂದೂಕಿನ ಗುಂಡೇ ತೊಡೆಗೆ ತಗುಲಿ, 1856ನೆಯ ಜನವರಿ 12ರಂದು ಕಾಲವಾದನು. ಆ ಗ್ರಂಥವು 1867ರಲ್ಲಿ ರಷ್ಯನ್ ಭಾಷೆಯಲ್ಲಿ ಅಚ್ಚಾಯಿತು.

ಬಳಿಕ ಸ್ಲೊವಾಕರಿಗೆ ಕಷ್ಟದ ಕಾಲ. 1874 ಮತ್ತು 1875ರಲ್ಲಿ ಅವರ ಪ್ರೌಢಶಾಲೆಗಳನ್ನೂ ಸಾಹಿತ್ಯ ಸಂಸ್ಥೆಯನ್ನೂ ಮುಚ್ಚಲಾಯಿತು. ಲಕ್ಷಾಂತರ ಮಂದಿ ಅನ್ನವನ್ನರಸಿ ಅಮೆರಿಕೆಗೆ ಹಡಗನ್ನೇರಿದರು. ಹಾಗೆ ಷಿಕಾಗೋ ನಗರಕ್ಕೆ ಹೋದವರಲ್ಲಿ ಷ್ಟೆಫಾನ್ ದುಬ್ಚೆಕ್ ಎಂಬ ಬಡಗಿಯೂ ಒಬ್ಬನು. 1918ರಲ್ಲಿ ಚೆಕೊಸ್ಲೊವಾಕಿಯಾ ಉದಯಿಸಿತು; 1921ರಲ್ಲಿ ಆತನು ಕುಟುಂಬದೊಡನೆ ಸ್ವದೇಶಕ್ಕೆ ಮರಳಿದನು. ಆ ವರ್ಷದ ನವೆಂಬರ್ 27ರಂದು ಅವನ ಕಿರಿಯ ಮಗ ಅಲೆಕ್ಸಾಂದರ್ ಹುಟ್ಟಿದುದು ಉಹ್ರೊವೆತ್ಸಿನಲ್ಲಿ. ಹುಟ್ಟಿದ ಮನೆಯೋ, ಷ್ಟೂರನು ಕಣ್ದೆರೆದ ಅದೇ ಮನೆ.

ಸಮತಾವಾದದಲ್ಲಿ ಶ್ರದ್ಧೆಯಿಟ್ಟಿದ್ದ ತಂದೆಯು 1925ರಲ್ಲಿ ಸಂಸಾರವನ್ನು ಸೋವಿಯತ್ ಮಧ್ಯ ಏಷ್ಯಾಕ್ಕೆ ಕರೆದೊಯ್ದನು. ಬಾಲಕನು ಬೆಳೆದುದು ಅಲ್ಲಿಯೂ ಗೋರ್ಕಿ ನಗರದಲ್ಲಿಯೂ. 1938ರಲ್ಲಿ ಹಿಂದಿರುಗಿ, 1944ರಲ್ಲಿ ನಾಜಿಗಳ ವಿರುದ್ಧವಾದ ದಂಗೆಯಲ್ಲಿ ಸೇರಿ ಗಾಯಗೊಂಡನು. ಆ ಹೋರಾಟದಲ್ಲಿ ಅವನ ಅಣ್ಣನು ಮಡಿದನು. 1968ನೆಯ ಜನವರಿ 5ರಂದು ದುಬ್ಚೆಕನು ಕಮ್ಯೂನಿಸ್ಟ್ ಪಕ್ಷದ ಪ್ರಥಮ ಕಾರ್ಯದರ್ಶಿಯಾದನು. ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗವು ತೆರೆಯಿತು. ಸಮಾಜವಾದಕ್ಕೆ ಮನುಷ್ಯನ ಮುಖವಿರಬೇಕೆಂಬ ಮಾತು ಜನರ ನಾಲಗೆಯ ಮೇಲೆ ನಲಿಯಿತು. ಆಗಸ್ಟ್ 20ರ ರಾತ್ರಿ ರಷ್ಯದ ಟ್ಯಾಂಕುಗಳು ಗಡಿಯನ್ನು ದಾಟಿದುವು. ಷ್ಟೂರನು ಶರಣ್ಯವೆಂದು ನೆಚ್ಚಿದ್ದ ದಿಕ್ಕಿನಿಂದಲೇ, ದುಬ್ಚೆಕನು ಬಾಲ್ಯವನ್ನು ಕಳೆದ ನಾಡಿನಿಂದಲೇ, ಆ ವಿಪತ್ತು ಬಂದಿತು.

ಇಲ್ಲಿ ಚರಿತ್ರಕಾರನು ದಾಕ್ಷಿಣ್ಯಪಡಬಾರದು. ಸೆರೆಯಾಳಾಗಿ ಮಾಸ್ಕೋಗೆ ಒಯ್ಯಲ್ಪಟ್ಟ ದುಬ್ಚೆಕನು ಅಲ್ಲಿ ಒಪ್ಪಂದಕ್ಕೆ ಸಹಿ ಹಾಕಿದನು. 1969ನೆಯ ಏಪ್ರಿಲಿನಲ್ಲಿ ಕಾರ್ಯದರ್ಶಿಯ ಪದವಿಯು ಹೋಯಿತು. ಅದೇ ಆಗಸ್ಟಿನಲ್ಲಿ, ತನ್ನ ಹೆಸರನ್ನೇ ಕೂಗಿ ಬೀದಿಗಿಳಿದವರನ್ನು ಶಿಕ್ಷಿಸುವ ಕಟ್ಟಳೆಗೆ, ಶಾಸನಸಭೆಯ ಅಧ್ಯಕ್ಷನಾಗಿ ಅವನೇ ರುಜುಮಾಡಿದನು. ಆ ಕಳಂಕವನ್ನು ಅವನ ಅಭಿಮಾನಿಗಳೂ ಅಲ್ಲಗಳೆಯಲಾರರು. ಆದರೂ ಮಾಡಿದ ಸುಧಾರಣೆಯು ತಪ್ಪೆಂದು ಅವನು ಒಪ್ಪಲಿಲ್ಲ. 1970ರಲ್ಲಿ ಪಕ್ಷದಿಂದ ಬಹಿಷ್ಕೃತನಾಗಿ, ಬ್ರಾಟಿಸ್ಲಾವಾದಲ್ಲಿ ಅರಣ್ಯ ಇಲಾಖೆಯ ಸಣ್ಣ ಕೆಲಸವೊಂದರಲ್ಲಿ ಮೌನವಾಗಿ ವರುಷಗಳನ್ನು ಸವೆಸಿದನು. 1989ನೆಯ ಡಿಸೆಂಬರ್ 28ರಂದು ಜನರು ಅವನನ್ನು ಮತ್ತೆ ಶಾಸನಸಭೆಯ ಅಧ್ಯಕ್ಷಪೀಠದಲ್ಲಿ ಕಂಡರು. 1992ರಲ್ಲಿ ಮೋಟಾರು ಅಪಘಾತದಲ್ಲಿ ಗಾಯಗೊಂಡು ನವೆಂಬರ್ 7ರಂದು ತೀರಿಕೊಂಡನು. 1993ನೆಯ ಜನವರಿ 1ರಂದು ಸ್ಲೊವಾಕಿಯಾ ಪ್ರತ್ಯೇಕ ರಾಷ್ಟ್ರವಾಯಿತು.

ಇಬ್ಬರೂ ತಮ್ಮ ಕಾಲದಲ್ಲಿ ಸೋತವರು. ಷ್ಟೂರನ ದಂಗೆಯು ಅಡಗಿತು, ಭಾಷೆಯು ಉಳಿಯಿತು. ದುಬ್ಚೆಕನ ವಸಂತವು ಎಂಟೇ ತಿಂಗಳಲ್ಲಿ ಬಾಡಿತು, ಅದರ ನೆನಪು ಇಪ್ಪತ್ತು ವರುಷ ಬಾಡಲಿಲ್ಲ. ಒಡೆಯರಾದ ಜಾಯ್ ವಂಶದವರ ಹೆಸರು ಇಂದು ಆ ಊರಿನ ಹೆಸರಿನಿಂದ ಕಳಚಿಹೋಗಿದೆ. ಉಪಾಧ್ಯಾಯನ ಮನೆಯು ಸ್ಮಾರಕವಾಗಿ ನಿಂತಿದೆ. ಅದನ್ನು ನೋಡಲು ಬಂದ ಸ್ಲೊವಾಕ್ ಮಕ್ಕಳು ಅಲ್ಲಿಯ ಫಲಕಗಳನ್ನು ಓದುವುದು, ಕುರುಬರ ಮಾತೆಂದು ಒಂದು ಕಾಲಕ್ಕೆ ಹಳಿಯಲ್ಪಟ್ಟ ತಮ್ಮ ಮನೆಮಾತಿನಲ್ಲಿಯೇ.